ಇಂಟರ್ನ್‌ಶಿಪ್ ಜೂನ್‌ಗೆ ಮುಗಿಯುತ್ತದೆ. ಕಾಯಂ ಕೆಲಸದ ಬಗ್ಗೆ ನೇರವಾಗಿ ಕೇಳಬಹುದೇ?

ಪ್ರಶ್ನೆ: ದುರ್ಗದ ಓದುಗಿ

ಎಲ್ಲರಿಗೂ ನಮಸ್ಕಾರ. ನಾನು ಹಣಕಾಸು ವಿಭಾಗದ ಎಂಬಿಎ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ, ಊರು ಚಿತ್ರದುರ್ಗ. ಜನವರಿಯಿಂದ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿರುವ ಒಂದು ಜಿಸಿಸಿಯಲ್ಲಿ, ಅಂದರೆ ವಿದೇಶಿ ಕಂಪನಿಯೊಂದು ತನ್ನದೇ ಕೆಲಸಗಳಿಗಾಗಿ ಇಲ್ಲಿ ನಡೆಸುತ್ತಿರುವ ಕೇಂದ್ರದಲ್ಲಿ, ಆರು ತಿಂಗಳ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟನ್ನೂ ಇದೇ ಕೆಲಸದ ಮೇಲೆ ಬರೆಯಲು ಕಾಲೇಜಿನವರು ಒಪ್ಪಿದ್ದಾರೆ. ಸರಬರಾಜುದಾರರ ಲೆಕ್ಕಗಳ ರಿಕನ್ಸಿಲಿಯೇಷನ್, ಅಂದರೆ ಲೆಕ್ಕಗಳನ್ನು ತಾಳೆ ನೋಡುವ ಕೆಲಸ, ನನ್ನ ಪಾಲಿಗೆ ಬಂದಿದೆ. ಗೋದಾಮಿಗೆ ಸರಕು ಬಂದು ನಮೂದಾಗಿದ್ದರೂ ಇನ್‌ವಾಯ್ಸ್ ಬಾರದೆ ಉಳಿದಿರುವ, ಅಥವಾ ಇನ್‌ವಾಯ್ಸ್ ಬಂದಿದ್ದರೂ ಸರಕಿನ ನಮೂದು ಆಗದೆ ಉಳಿದಿರುವ ಬಾಕಿಗಳನ್ನು ಪ್ರತಿ ತಿಂಗಳಾಂತ್ಯದಲ್ಲಿ ಹುಡುಕಿ, ಕಾರಣ ಬರೆದು, ಹಿರಿಯರ ಪರಿಶೀಲನೆಗೆ ಕೊಡುವುದು ನನ್ನ ಕೆಲಸ.

ಕೆಲಸ ನನಗೆ ಹಿಡಿಸಿದೆ, ತಂಡದವರೂ ಒಳ್ಳೆಯವರು. ಮಾರ್ಚ್ ಕೊನೆಯಲ್ಲಿ ನಡೆದ ಮಧ್ಯಂತರ ವಿಮರ್ಶೆಯಲ್ಲಿ ಮ್ಯಾನೇಜರ್ ಮೇಡಂ ನನ್ನ ಕೆಲಸವನ್ನು ಮೆಚ್ಚಿಕೊಂಡರು. ಮುಂದಿನ ಮಾತು ಬಂದಾಗ ಮಾತ್ರ "ಹೆಡ್‌ಕೌಂಟ್ ಬರಬೇಕಮ್ಮ, ನೋಡೋಣ" ಎಂದು, ಅಂದರೆ ತಂಡಕ್ಕೆ ಹುದ್ದೆ ಮಂಜೂರಾಗಬೇಕು ಎಂದು, ನಿಲ್ಲಿಸಿದರು. ಅದಾದ ಮೇಲೆ ಈ ವಿಷಯವನ್ನು ಅವರೂ ಎತ್ತಿಲ್ಲ, ನಾನೂ ಎತ್ತಿಲ್ಲ. ಈ ನಡುವೆ ಎಚ್‌ಆರ್ ವಿಭಾಗದ ಒಬ್ಬರು, ಕಂಪನಿಯ ಹುದ್ದೆ ಸಿಗದಿದ್ದರೆ ಏಜೆನ್ಸಿಯೊಂದರ ಪೇರೋಲ್‌ನಲ್ಲಿ ಒಂದು ವರ್ಷ, ಅಂದರೆ ಏಜೆನ್ಸಿಯಿಂದ ಸಂಬಳ ಪಡೆಯುವ ಗುತ್ತಿಗೆ ನೌಕರಳಾಗಿ, ಇಲ್ಲೇ ಮುಂದುವರಿಯಬಹುದು ಎಂದು ಸೂಚಿಸಿದ್ದಾರೆ. ಇತ್ತ ಕಾಲೇಜಿನ ಕ್ಯಾಂಪಸ್ ಆಯ್ಕೆಯಲ್ಲಿ ಬೇರೊಂದು ಕಂಪನಿಯವರು ನನ್ನನ್ನು ಆರಿಸಿದ್ದಾರೆ. ಅಲ್ಲಿ ಸಂಬಳ ಸಾಧಾರಣ. ಎರಡು ವರ್ಷದ ಬಾಂಡ್ ಇದೆ, ನಡುವೆ ಬಿಟ್ಟರೆ ಒಂದು ಲಕ್ಷ ರೂಪಾಯಿ ಕಟ್ಟಬೇಕು. ಈ ಏಪ್ರಿಲ್ ಮುಗಿಯುವುದರೊಳಗೆ ಒಪ್ಪಿಗೆ ತಿಳಿಸಬೇಕಂತೆ. ನಮ್ಮ ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿಗೆ ಒಂದೇ ಕೆಲಸ ಎಂಬ ನಿಯಮವಿರುವುದರಿಂದ, ಒಪ್ಪಿದ ಮೇಲೆ ಇನ್ನೊಂದು ಸಂದರ್ಶನಕ್ಕೆ ಕೂರುವಂತಿಲ್ಲ.

ಮೇಡಂ ಅವರನ್ನು ನೇರವಾಗಿ ಕೇಳಿದರೆ ಆತುರದವಳು ಎಂದುಕೊಳ್ಳುತ್ತಾರೆಯೇ? ಉಳಿದಿರುವ ಅವಧಿಯಲ್ಲಿ ಏನು ಮಾಡಿದರೆ ನಿರ್ಧಾರ ನನ್ನ ಕಡೆಗೆ ವಾಲಬಹುದು? ಏಜೆನ್ಸಿಯ ದಾರಿ ಹಿಡಿಯುವುದು ಜಾಣತನವೇ? ಒಂದು ಸಂಕೋಚವನ್ನೂ ಹೇಳಿಬಿಡುತ್ತೇನೆ. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಇಂಗ್ಲಿಷ್‌ನಲ್ಲಿ ಬರೆಯಲು ತೊಂದರೆಯಿಲ್ಲ, ಆದರೆ ಐರ್ಲೆಂಡಿನ ತಂಡದೊಂದಿಗೆ ಸಂಜೆ ನಡೆಯುವ ಕಾಲ್‌ಗಳಲ್ಲಿ ನಾನು ಬಾಯಿ ಬಿಡುವುದೇ ಇಲ್ಲ. ಇದು ನನಗೆ ಮುಳುವಾಗುತ್ತದೆಯೇ?

ಉತ್ತರ 1: ಲೆಕ್ಕದ ಕೋಣೆ

ನೇರವಾಗಿ ಕೇಳಿ, ಇದರಲ್ಲಿ ಆತುರವೇನೂ ಇಲ್ಲ. ನಾನು ಇಂಥದೇ ಇನ್ನೊಂದು ಕೇಂದ್ರದ ಲೆಕ್ಕಪತ್ರ ವಿಭಾಗದಲ್ಲಿ ತಂಡ ನಡೆಸುತ್ತೇನೆ; ಇಂಟರ್ನ್‌ಗಳ ಹೆಸರನ್ನು ಕಾಯಂ ಕೆಲಸಕ್ಕೆ ಶಿಫಾರಸು ಮಾಡಿ ಮೇಲಕ್ಕೆ ಕಳುಹಿಸುವವರಲ್ಲಿ ನಾನೂ ಒಬ್ಬ. ಹೊರಗಿನಿಂದ ನೋಡುವವರಿಗೆ ಇದು ಪರೀಕ್ಷೆಯಂತೆ ಕಾಣುತ್ತದೆ: ಚೆನ್ನಾಗಿ ಬರೆದವರು ಪಾಸು, ಉಳಿದವರು ಫೇಲು. ಒಳಗಿನ ವ್ಯವಹಾರ ಹಾಗಿಲ್ಲ. ಮೊದಲು ಹುದ್ದೆ ಇರಬೇಕು, ಆಮೇಲೆ ಅದಕ್ಕೆ ಯಾರು ಎಂಬ ಪ್ರಶ್ನೆ. ನಿಮ್ಮ ಕೆಲಸದ ಗುಣ ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರ ಕೊಡಬಲ್ಲದು. ಮೊದಲನೆಯದು ನಿಮ್ಮ ಕೈಯಲ್ಲಿಲ್ಲ, ಬಹುಮಟ್ಟಿಗೆ ನಿಮ್ಮ ಮ್ಯಾನೇಜರ್ ಕೈಯಲ್ಲೂ ಇಲ್ಲ. ಆದ್ದರಿಂದ ಅವರು "ಹೆಡ್‌ಕೌಂಟ್ ಬರಬೇಕು" ಎಂದದ್ದನ್ನು ಜಾರಿಕೊಳ್ಳುವ ಮಾತು ಎಂದು ತಿಳಿಯಬೇಡಿ. ಅದು ಅಕ್ಷರಶಃ ನಿಜವಿರಬಹುದು.

ಹುದ್ದೆ ಹುಟ್ಟುವುದು ಎರಡು ದಾರಿಯಲ್ಲಿ. ಒಂದು, ಬಜೆಟ್‌ನಲ್ಲೇ ಹೊಸದಾಗಿ ಮಂಜೂರಾಗುವುದು. ಮಾತೃಸಂಸ್ಥೆಯ ಲೆಕ್ಕವರ್ಷ ಜನವರಿಯಿಂದ ಡಿಸೆಂಬರ್‌ವರೆಗೆ ಇದ್ದರೆ ಆ ತೀರ್ಮಾನ ಹಿಂದಿನ ವರ್ಷದ ಅಕ್ಟೋಬರ್–ನವೆಂಬರ್‌ನಲ್ಲೇ ಆಗಿಹೋಗಿರುತ್ತದೆ, ನೀವು ಎಷ್ಟೇ ಚೆನ್ನಾಗಿ ದುಡಿದರೂ ಏಪ್ರಿಲ್‌ನಲ್ಲಿ ಅದನ್ನು ಬದಲಿಸುವುದು ಕಷ್ಟ. ಇನ್ನೊಂದು, ಇರುವವರು ಬಿಟ್ಟುಹೋದಾಗ ತೆರವಾಗುವುದು. ನಮ್ಮ ಮಾತಿನಲ್ಲಿ ಬ್ಯಾಕ್‌ಫಿಲ್. ಇಂಟರ್ನ್‌ಗಳಿಗೆ ಹೆಚ್ಚು ಆಸೆ ಇರಬೇಕಾದದ್ದು ಈ ಎರಡನೆಯದರ ಮೇಲೆ. ಇಂಥ ಕೇಂದ್ರಗಳಲ್ಲಿ ವರ್ಷದ ಬೋನಸ್ ಸಾಮಾನ್ಯವಾಗಿ ಮಾರ್ಚ್ ಹೊತ್ತಿಗೆ ಕೈಸೇರುತ್ತದೆ, ಅದು ಬ್ಯಾಂಕಿಗೆ ಬಿದ್ದ ಮೇಲೆ ರಾಜೀನಾಮೆಗಳು ಶುರುವಾಗುತ್ತವೆ. ನೋಟಿಸ್ ಅವಧಿ ಎರಡು–ಮೂರು ತಿಂಗಳು ಇರುವುದರಿಂದ ಏಪ್ರಿಲ್‌ನಲ್ಲಿ ಪತ್ರ ಕೊಟ್ಟವರು ಜೂನ್–ಜುಲೈನಲ್ಲಿ ಹೋಗುತ್ತಾರೆ. ನಿಮ್ಮ ಇಂಟರ್ನ್‌ಶಿಪ್ ಮುಗಿಯುವುದೂ ಅದೇ ಹೊತ್ತಿಗೆ. ಐದಾರು ವರ್ಷ ಅನುಭವದವರೊಬ್ಬರು ಹೋದ ಜಾಗವನ್ನು ಹೊಸಬರ ದರ್ಜೆಗೆ ಇಳಿಸಿ ತುಂಬಿಕೊಳ್ಳಿ ಎಂದು ಮೇಲಿನವರೇ ಹೇಳುವುದೂ ಉಂಟು, ಏಕೆಂದರೆ ಸಂಬಳದ ಖರ್ಚು ಉಳಿಯುತ್ತದೆ.

ಆದ್ದರಿಂದ ಕೇಳುವಾಗ "ನನಗೆ ಕೆಲಸ ಸಿಗುತ್ತದೆಯೇ" ಎಂದು ಕೇಳಬೇಡಿ. ಅದಕ್ಕೆ ಅವರಲ್ಲಿ ಉತ್ತರವಿಲ್ಲ, ಮುಜುಗರ ಮಾತ್ರ ಇದೆ. ಹೀಗೆ ಕೇಳಿ: "ಮೇಡಂ, ನನಗೆ ಈ ತಂಡದಲ್ಲೇ ಮುಂದುವರಿಯುವ ಆಸೆಯಿದೆ. ಈ ವರ್ಷ ನಮ್ಮಲ್ಲಿ ಹೊಸಬರ ದರ್ಜೆಯ ಹುದ್ದೆ ತೆರೆಯುವ ಸಾಧ್ಯತೆ ಇದೆಯೇ, ಇದ್ದರೆ ಯಾರ ಅನುಮೋದನೆ ಬಾಕಿಯಿದೆ, ಯಾವ ವೇಳೆಗೆ ತಿಳಿಯಬಹುದು? ಕಾಲೇಜಿನ ಕಡೆಯ ಒಂದು ಅವಕಾಶಕ್ಕೆ ಈ ತಿಂಗಳ ಕೊನೆಗೆ ಉತ್ತರ ಕೊಡಬೇಕಾಗಿದೆ." ಇದರಲ್ಲಿ ಬೆದರಿಕೆಯಿಲ್ಲ, ಗೋಗರೆಯುವುದೂ ಇಲ್ಲ. ತಮ್ಮ ಮೇಲಿನವರ ಬಳಿ ಹೋಗಿ "ಹುಡುಗಿಗೆ ಬೇರೆ ಕಡೆ ಕೆಲಸವಾಗಿದೆ, ಬೇಗ ಹೇಳಿ" ಎನ್ನಲು ಅವರಿಗೆ ಒಂದು ಕಾರಣ ಸಿಗುತ್ತದೆ. ಮ್ಯಾನೇಜರ್‌ಗೆ ಇಂಥ ಕಾರಣ ಬೇಕಾಗುತ್ತದೆ ಎಂಬುದು ಇಂಟರ್ನ್‌ಗಳಿಗೆ ಹೊಳೆಯುವುದೇ ಇಲ್ಲ.

ಇನ್ನು ನಿಮ್ಮ ಕೆಲಸ. ಬಾಕಿಗಳ ಪಟ್ಟಿಯನ್ನು ವೇಳೆಗೆ ಸರಿಯಾಗಿ ಮುಗಿಸಿ ಕೊಡುವುದು ಒಳ್ಳೆಯದೇ, ಆದರೆ ಅದು ಎಲ್ಲ ಇಂಟರ್ನ್‌ಗಳಿಂದಲೂ ನಿರೀಕ್ಷಿಸುವ ಕನಿಷ್ಠ. ಹೆಸರುಗಳನ್ನು ಚರ್ಚಿಸುವ ಸಭೆಯಲ್ಲಿ ಪ್ರತಿ ಮ್ಯಾನೇಜರ್‌ಗೆ ತನ್ನ ಇಂಟರ್ನ್ ಬಗ್ಗೆ ಎರಡು ವಾಕ್ಯ ಹೇಳಲು ಮಾತ್ರ ಸಮಯವಿರುತ್ತದೆ. "ಶ್ರದ್ಧೆಯ ಹುಡುಗಿ, ಬೇಗ ಕಲಿಯುತ್ತಾಳೆ" ಎಂಬುದು ಆ ಸಭೆಯಲ್ಲಿ ಎಲ್ಲರ ಬಗ್ಗೆಯೂ ಕೇಳಿಬರುವ ಮಾತು. ನೆನಪಿನಲ್ಲಿ ಉಳಿಯುವ ಎರಡು ವಾಕ್ಯವನ್ನು ನಿಮ್ಮ ಮ್ಯಾನೇಜರ್‌ಗೆ ನೀವೇ ಒದಗಿಸಬೇಕು.

ಅದಕ್ಕೆ ನಿಮ್ಮ ಲೆಕ್ಕದಲ್ಲೇ ದಾರಿಯಿದೆ. ಜನವರಿ, ಫೆಬ್ರವರಿ, ಮಾರ್ಚ್ ಮೂರೂ ತಿಂಗಳ ಬಾಕಿಗಳನ್ನು ಒಂದೇ ಹಾಳೆಯಲ್ಲಿ ಸರಬರಾಜುದಾರರ ಪ್ರಕಾರ ಜೋಡಿಸಿ ನೋಡಿ. ಅವೇ ಕೆಲವು ಹೆಸರುಗಳು ಮತ್ತೆ ಮತ್ತೆ ಬಂದಿರುತ್ತವೆ. ಪ್ರತಿ ತಿಂಗಳೂ ಅವುಗಳ ಮುಂದೆ "ಇನ್‌ವಾಯ್ಸ್ ನಿರೀಕ್ಷಿಸಲಾಗಿದೆ" ಎಂದು ಬರೆದು ಮುಂದಕ್ಕೆ ತಳ್ಳಿರುತ್ತಾರೆ. ಅಂಥದೊಂದನ್ನು ಹಿಡಿದು ಬೇರಿನವರೆಗೆ ಹೋಗಿ. ನಮ್ಮಲ್ಲಿ ಒಬ್ಬ ಇಂಟರ್ನ್ ಹೀಗೆ ಹೋದಾಗ ಕಂಡದ್ದು ಏನೆಂದರೆ, ಖರೀದಿ ಆದೇಶ ಪೆಟ್ಟಿಗೆಯ ಲೆಕ್ಕದಲ್ಲಿತ್ತು, ಸರಬರಾಜುದಾರರು ಬಿಲ್ ಮಾಡುತ್ತಿದ್ದದ್ದು ಬಿಡಿ ವಸ್ತುವಿನ ಲೆಕ್ಕದಲ್ಲಿ. ಹತ್ತು ಪೆಟ್ಟಿಗೆ ಬಂದಿದೆ ಎಂದು ಗೋದಾಮು, ಇನ್ನೂರ ನಲವತ್ತು ಬಿಡಿ ಎಂದು ಇನ್‌ವಾಯ್ಸ್. ಸರಕು ಬಂದಿದೆ, ಬಿಲ್ಲೂ ಬಂದಿದೆ, ಮೊತ್ತವೂ ಸರಿಯೇ ಇದೆ, ಆದರೆ ಸಿಸ್ಟಮ್ ಎರಡನ್ನೂ ಹೊಂದಿಸಲು ಒಪ್ಪದೆ ಪ್ರತಿ ತಿಂಗಳೂ ಬಾಕಿ ಎಂದು ತೋರಿಸುತ್ತಿತ್ತು. ಹುಡುಗ ಮಾಡಿದ್ದು ಇಷ್ಟೇ: ಖರೀದಿ ವಿಭಾಗಕ್ಕೆ ಬರೆದು ಆ ಸರಬರಾಜುದಾರರ ಮೂಲ ದಾಖಲೆಯಲ್ಲಿ ಅಳತೆಯ ಘಟಕವನ್ನು ಸರಿಪಡಿಸಿಸಿದ. ಮುಂದಿನ ತಿಂಗಳು ಆ ಸಾಲುಗಳು ಪಟ್ಟಿಯಲ್ಲಿ ಬರಲೇ ಇಲ್ಲ. ಸಭೆಯಲ್ಲಿ ಆತನ ಬಗ್ಗೆ ಹೇಳಲು ಆತನ ಮ್ಯಾನೇಜರ್ ಪದಗಳಿಗೆ ತಡಕಾಡಬೇಕಾಗಲಿಲ್ಲ.

ಮಾತಿನ ವಿಷಯಕ್ಕೆ ಬಂದರೆ, ಕನ್ನಡ ಮಾಧ್ಯಮ ಮುಳುವಾಗುವುದಿಲ್ಲ. ಪೂರ್ತಿ ಮೌನ ಮುಳುವಾಗಬಹುದು. ಐರ್ಲೆಂಡಿನವರ ಉಚ್ಚಾರ ನಮ್ಮಲ್ಲಿ ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವರಿಗೂ ಮೊದಮೊದಲು ಅರ್ಥವಾಗುವುದಿಲ್ಲ, ಅವರು ಅದನ್ನು ಹೇಳಿಕೊಳ್ಳುವುದಿಲ್ಲ ಅಷ್ಟೆ. ಕಾಲ್‌ನ ಇಡೀ ಚರ್ಚೆಯಲ್ಲಿ ಭಾಗವಹಿಸಬೇಕೆಂಬ ಹಟ ಬೇಡ. ನಿಮ್ಮ ಬಾಕಿಗಳ ಭಾಗವನ್ನು ನೀವೇ ಓದಿ ಹೇಳುವುದಾಗಿ ಮೊದಲೇ ಕೇಳಿಕೊಳ್ಳಿ; ಎಷ್ಟು ಬಾಕಿ, ಯಾವುದು ಹಳೆಯದು, ಯಾರಿಂದ ಉತ್ತರ ಬರಬೇಕು ಎಂಬಷ್ಟನ್ನು ಬರೆದಿಟ್ಟುಕೊಂಡು ಹೇಳಿದರೆ ಸಾಕು. ಕಾಲ್ ಮುಗಿದ ಕೂಡಲೇ ಯಾರು ಏನು ಮಾಡಬೇಕೆಂದು ತೀರ್ಮಾನವಾಯಿತು ಎಂಬ ಟಿಪ್ಪಣಿಯನ್ನು ಎಲ್ಲರಿಗೂ ಕಳುಹಿಸಿ. ಬರವಣಿಗೆ ನಿಮ್ಮ ಬಲ ಎಂದು ನೀವೇ ಹೇಳಿದ್ದೀರಿ. ಆ ಟಿಪ್ಪಣಿ ಬರೆಯುವ ಕೆಲಸ ತಂಡದಲ್ಲಿ ಯಾರಿಗೂ ಬೇಡವಾದದ್ದು, ಆದರೆ ಅದನ್ನು ಬರೆಯುವವರ ಹೆಸರು ಪ್ರತಿ ವಾರ ಎಲ್ಲರ ಕಣ್ಣಿಗೆ ಬೀಳುತ್ತದೆ.

ಏಜೆನ್ಸಿಯ ವಿಷಯದಲ್ಲಿ ನನ್ನ ಅಭಿಪ್ರಾಯ ನಕಾರಾತ್ಮಕ. ಕೆಲಸ ಒಂದೇ, ಸಂಬಳ ಕಡಿಮೆ, ಮುಂದಿನ ಭರವಸೆ ಬಾಯಿಮಾತಿನದು.

ಉತ್ತರ 2: ಕಾಗದಪತ್ರ

ಮೇಲಿನವರು ಕೆಲಸದ ಒಳಗನ್ನು ಚೆನ್ನಾಗಿ ಹೇಳಿದ್ದಾರೆ. ಎಚ್‌ಆರ್ ಕಡೆಯಿಂದ ಬಂದವಳಾಗಿ ನಾನು ಕಾಗದಗಳ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲು ನಿಮ್ಮ ಈಗಿನ ಪತ್ರವನ್ನು ತೆರೆದು ನೋಡಿ, ನೀವು ಯಾವ ಬಗೆಯ ಇಂಟರ್ನ್ ಎಂಬುದನ್ನು ತಿಳಿದುಕೊಳ್ಳಿ. 1961ರ ಅಪ್ರೆಂಟಿಸ್ ಕಾಯ್ದೆಯ ಅಡಿಯಲ್ಲಿ ನೋಂದಾಯಿತ ಒಪ್ಪಂದ ಮಾಡಿಕೊಂಡವರ ಸ್ಥಿತಿ ಬೇರೆ, ಕಾಲೇಜಿನ ಪಠ್ಯಕ್ರಮದ ಭಾಗವಾಗಿ ಕಂಪನಿಯ ಒಂದು ಪತ್ರದ ಮೇಲೆ ಬಂದವರ ಸ್ಥಿತಿ ಬೇರೆ. ಆ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವರೇ ಹೊರತು ಕಾರ್ಮಿಕರಲ್ಲ; ತರಬೇತಿ ಮುಗಿದವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಬಗ್ಗೆ ಪ್ರತಿ ಉದ್ಯೋಗದಾತರೂ ತಮ್ಮದೇ ನೀತಿಯೊಂದನ್ನು ರೂಪಿಸಿಕೊಳ್ಳಬೇಕು ಎಂದು 2014ರ ತಿದ್ದುಪಡಿ ಹೇಳುತ್ತದೆ. ನೀವು ಬಹುಶಃ ಎರಡನೆಯ ಗುಂಪಿನವರು. ಯಾವ ಗುಂಪಿನವರಾದರೂ ಇಂಟರ್ನ್‌ಶಿಪ್ ಮಾಡಿದ ಮಾತ್ರಕ್ಕೆ ಕಾಯಂ ಕೆಲಸದ ಹಕ್ಕು ಬರುವುದಿಲ್ಲ. ಈ ಆರು ತಿಂಗಳು ನಾಳೆ ನಿಮ್ಮ ಸೇವಾವಧಿಗೆ ಸೇರುವುದೂ ಇಲ್ಲ. ಕಾಯಂ ನೌಕರಿಯ ಲೆಕ್ಕ ಶುರುವಾಗುವುದು ನೇಮಕಾತಿ ಪತ್ರದಲ್ಲಿರುವ ದಿನದಿಂದಲೇ.

ನಿಮಗೆ ಬರುವ ಸ್ಟೈಪೆಂಡ್‌ನಲ್ಲಿ ಶೇಕಡಾ 10ರಷ್ಟು ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಮುರಿಯುತ್ತಿದ್ದಾರೆಯೇ ಎಂದೂ ನೋಡಿ. ಹಲವು ಕಂಪನಿಗಳು ಇಂಟರ್ನ್‌ಗಳಿಗೆ ಕೊಡುವ ಹಣವನ್ನು ವೃತ್ತಿಪರ ಶುಲ್ಕವೆಂದು ಪರಿಗಣಿಸಿ ಹೀಗೆ ಮುರಿಯುತ್ತವೆ. ನಿಮ್ಮ ವರ್ಷದ ಒಟ್ಟು ಆದಾಯ ತೆರಿಗೆಯ ಮಿತಿಗಿಂತ ಕೆಳಗಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ಹಿಂದಕ್ಕೆ ಪಡೆಯಬಹುದು. ಎಷ್ಟೋ ಮಕ್ಕಳು ಇದನ್ನು ಕೇಳುವುದೇ ಇಲ್ಲ.

ಆಫರ್ ಬಂದರೆ ಸಿಟಿಸಿ (ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ) ಎಂದು ಮೇಲೆ ಬರೆದಿರುವ ದೊಡ್ಡ ಸಂಖ್ಯೆಯನ್ನು ನೋಡಿ ಮನೆಗೆ ಫೋನ್ ಮಾಡಬೇಡಿ. ಉದ್ಯೋಗದಾತರ ಪಾಲಿನ ಭವಿಷ್ಯನಿಧಿ, ವಿಮೆಯ ಕಂತು, ಪೂರ್ತಿ ಸಿಕ್ಕರೆ ಮಾತ್ರ ಸಿಗುವ ಬೋನಸ್ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಗ್ರಾಚ್ಯುಟಿಯ (ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಸಿಗುವ ಹಣ) ಹೆಸರಿನಲ್ಲಿ ಮೂಲವೇತನದ ಶೇಕಡಾ 4.81ನ್ನೂ ಸೇರಿಸುವ ರೂಢಿಯಿದೆ. ಕಾಯಂ ನೌಕರರಿಗೆ ಅದು ಕೈಗೆ ಬರುವುದು ಸಾಮಾನ್ಯವಾಗಿ ಐದು ವರ್ಷದ ಸೇವೆ ಮುಗಿದ ಮೇಲೆ. ಭವಿಷ್ಯನಿಧಿಗೆ ನಿಮ್ಮ ಪಾಲು ಶೇಕಡಾ 12, ಕೆಲವು ಕಂಪನಿಗಳು ಅದನ್ನು 15,000 ರೂಪಾಯಿಯ ಮಿತಿಗೆ ಲೆಕ್ಕಹಾಕಿ ತಿಂಗಳಿಗೆ 1,800 ರೂಪಾಯಿಗೆ ನಿಲ್ಲಿಸುತ್ತವೆ. ಕರ್ನಾಟಕದಲ್ಲಿ ತಿಂಗಳಿಗೆ 25,000 ಮತ್ತು ಅದಕ್ಕೂ ಹೆಚ್ಚು ಸಂಬಳವಿದ್ದರೆ ವೃತ್ತಿ ತೆರಿಗೆ 200 ರೂಪಾಯಿ, ಫೆಬ್ರವರಿಯಲ್ಲಿ ಮಾತ್ರ 300. ಇವೆಲ್ಲ ಕಳೆದು ತಿಂಗಳಿಗೆ ಕೈಗೆ ಬರುವುದೆಷ್ಟು ಎಂದು ಎಚ್‌ಆರ್ ಅವರನ್ನು ಕೇಳಿ ಬರೆಸಿಕೊಳ್ಳಿ. ಬೆಳ್ಳಂದೂರು ಕಡೆಯ ಪಿಜಿ ಬಾಡಿಗೆ ಕಟ್ಟುವುದು ಆ ಸಂಖ್ಯೆಯಿಂದ, ಸಿಟಿಸಿಯಿಂದ ಅಲ್ಲ.

ಬಾಂಡ್ ಬಗ್ಗೆ ಜನ ಎರಡು ತಪ್ಪು ಮಾತು ಹೇಳುತ್ತಾರೆ. ಬಾಂಡ್ ಎಂದರೆ ಜೀತ, ಬಿಡುವಂತೆಯೇ ಇಲ್ಲ ಎನ್ನುವವರು ಕೆಲವರು. ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಹರಿದು ಬಿಸಾಡಿ ಎನ್ನುವವರು ಹಲವರು. ನಮ್ಮ ಮಂಗಳೂರಿನಲ್ಲಿ ಹುಟ್ಟಿ, ಈಗ ಬ್ಯಾಂಕ್ ಆಫ್ ಬರೋಡಾದೊಳಗೆ ವಿಲೀನವಾಗಿರುವ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷಕ್ಕೆ ಮೊದಲೇ ಬಿಡುವ ಅಧಿಕಾರಿ ಎರಡು ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಎತ್ತಿಹಿಡಿಯಿತು. ಅಲ್ಲಿದ್ದದ್ದು ಸಾರ್ವಜನಿಕ ವಲಯದ ಬ್ಯಾಂಕು, ಹುದ್ದೆ ಹಿರಿಯ ದರ್ಜೆಯದು, ಮತ್ತೆ ನೇಮಕಾತಿ ನಡೆಸಲು ಬ್ಯಾಂಕಿಗೆ ತಗಲುವ ವೆಚ್ಚವನ್ನು ನ್ಯಾಯಾಲಯ ಪರಿಗಣಿಸಿತು ಎಂಬುದನ್ನೂ ಗಮನಿಸಬೇಕು. ಖಾಸಗಿ ಕಂಪನಿಯ ಹೊಸಬರ ಬಾಂಡಿಗೆ ಅದು ಹಾಗೆಹಾಗೆಯೇ ಅನ್ವಯಿಸುತ್ತದೆ ಎನ್ನಲಾಗದು. 1872ರ ಕರಾರು ಕಾಯ್ದೆಯ 74ನೆಯ ಕಲಮಿನ ಪ್ರಕಾರ ಸಿಗಬಹುದಾದದ್ದು ನ್ಯಾಯವಾದ ಪರಿಹಾರ, ಬರೆದಿರುವ ಮೊತ್ತ ಅದರ ಗರಿಷ್ಠ ಮಿತಿ. ಆದರೆ ಸಹಿ ಹಾಕುವಾಗ ಅದನ್ನು ಕಟ್ಟಬೇಕಾಗಬಹುದು ಎಂದೇ ಭಾವಿಸಿ ಸಹಿ ಹಾಕಿ. ಮೂಲ ಅಂಕಪಟ್ಟಿಗಳನ್ನು ಅಡವಾಗಿ ಇಟ್ಟುಕೊಳ್ಳುತ್ತೇವೆ ಎನ್ನುವ ಕಡೆಗೆ ಮಾತ್ರ ಹೋಗಲೇಬೇಡಿ.

ಕೊನೆಯದಾಗಿ, ಚಿಕ್ಕದೆನಿಸಿದರೂ ನನ್ನ ಮೇಜಿನ ಮೇಲೆ ಅತಿ ಹೆಚ್ಚು ಕಡತಗಳನ್ನು ನಿಲ್ಲಿಸುವ ಸಂಗತಿ: ಹೆಸರು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಒಂದು ಅಕ್ಷರವಾಗಿ ಇರುತ್ತದೆ, ಆಧಾರ್‌ನಲ್ಲಿ ಅದೇ ಅಕ್ಷರ ಹೆಸರಿನ ಮುಂದೆ ಬಂದಿರುತ್ತದೆ, ಪ್ಯಾನ್‌ನಲ್ಲಿ ಅದು ಬಿಡಿಸಿಕೊಂಡು ತಂದೆಯ ಹೆಸರೋ ಊರಿನ ಹೆಸರೋ ಆಗಿರುತ್ತದೆ. ಭವಿಷ್ಯನಿಧಿಯ ಖಾತೆಸಂಖ್ಯೆಯಾದ ಯುಎಎನ್ ಮಾಡಿಸುವಾಗ, ಹಿನ್ನೆಲೆ ಪರಿಶೀಲನೆ ನಡೆಯುವಾಗ ಇದು ಎದ್ದು ನಿಲ್ಲುತ್ತದೆ, ಸೇರುವ ದಿನಾಂಕವೇ ಮುಂದೆ ಹೋದದ್ದೂ ಇದೆ. ಈಗಲೇ ಆಧಾರ್ ಮತ್ತು ಪ್ಯಾನ್ ಎರಡನ್ನೂ ಅಂಕಪಟ್ಟಿಗೆ ಹೊಂದುವಂತೆ ಮಾಡಿಸಿಕೊಳ್ಳಿ.

ಉತ್ತರ 3: ಗುತ್ತಿಗೆಯಿಂದ ಬಂದವನು

ಏಜೆನ್ಸಿಯ ದಾರಿಯನ್ನು ಮೊದಲ ಉತ್ತರದಲ್ಲಿ ಒಂದೇ ಮಾತಿನಲ್ಲಿ ತಳ್ಳಿಹಾಕಿರುವುದು ನನಗೆ ಒಪ್ಪಿಗೆಯಿಲ್ಲ. ನಾನು ಅದೇ ದಾರಿಯಲ್ಲಿ ಬಂದು ಈಗ ಅದೇ ಕಂಪನಿಯ ಕಾಯಂ ನೌಕರ. ಮೇಲಿನವರು ಹೇಳುವ ಸಂಬಳದ ವ್ಯತ್ಯಾಸ ನಿಜ, ಕೊರಳಿನ ಟ್ಯಾಗ್‌ನ ಬಣ್ಣವೂ ಬೇರೆ ಇರುತ್ತದೆ, ತಂಡದವರು ಊಟಕ್ಕೆಂದು ಹೊರಗೆ ಹೋದಾಗ ಬಿಲ್ಲು ಕಂಪನಿಯ ಖಾತೆಗೆ ಹೋದರೆ ಗುತ್ತಿಗೆಯವರನ್ನು ಕರೆಯಬೇಕೇ ಬೇಡವೇ ಎಂಬ ಪಿಸುಮಾತೂ ನಡೆಯುತ್ತದೆ. ಅದು ಸ್ವಲ್ಪ ಚುಚ್ಚುತ್ತದೆ. ಆದರೆ ಮನೆಯಲ್ಲಿ ಇನ್ನೊಂದು ವರ್ಷ ಕಾಯುವ ಅನುಕೂಲವಿಲ್ಲದವರಿಗೆ, ಕಲಿತ ಸಿಸ್ಟಮ್ ಕೈಬಿಟ್ಟುಹೋಗದಂತೆ, ಭವಿಷ್ಯನಿಧಿ ಕಟ್ಟುವ ಕೆಲಸವೊಂದು ಕೈಯಲ್ಲಿರುವುದು ಕಡಿಮೆಯ ಮಾತಲ್ಲ.

ಹಿಡಿಯುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಕಂಪನಿ ಮತ್ತು ಏಜೆನ್ಸಿಯ ನಡುವಿನ ಒಪ್ಪಂದದಲ್ಲಿ, ಇಂತಿಷ್ಟು ತಿಂಗಳಿಗೆ ಮೊದಲು ಏಜೆನ್ಸಿಯ ನೌಕರರನ್ನು ಕಂಪನಿ ತಾನೇ ತೆಗೆದುಕೊಂಡರೆ ಏಜೆನ್ಸಿಗೆ ಶುಲ್ಕ ಕೊಡಬೇಕು ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಆ ಅವಧಿ ಆರು ತಿಂಗಳೋ ಒಂದು ವರ್ಷವೋ ಎಂಬುದರ ಮೇಲೆ ನಿಮ್ಮ ದಾರಿ ಎಷ್ಟು ಉದ್ದ ಎಂಬುದು ನಿಂತಿದೆ. ನನ್ನ ಮ್ಯಾನೇಜರ್‌ಗೆ ಜೂನ್‌ನಲ್ಲೇ ಹುದ್ದೆ ಸಿಕ್ಕಿತ್ತು, ಆದರೆ ಶುಲ್ಕ ಕೊಡಲು ಹಣಕಾಸಿನವರು ಒಪ್ಪದೆ ಆ ಹುದ್ದೆ ಹೊರಗಿನವರೊಬ್ಬರಿಗೆ ಹೋಯಿತು. ನಾನು ಮುಂದಿನ ಬಜೆಟ್‌ವರೆಗೆ ಕಾಯಬೇಕಾಯಿತು. ಇದು ಮೊದಲೇ ತಿಳಿದಿದ್ದವರು ಅದಕ್ಕೆ ತಕ್ಕಂತೆ ಲೆಕ್ಕ ಹಾಕಿಕೊಳ್ಳಬಹುದು. ಗುತ್ತಿಗೆ ಎಷ್ಟು ಸಲ ನವೀಕರಣವಾಗಬಹುದು, ತಂಡದಲ್ಲಿ ಈ ಹಿಂದೆ ಹೀಗೆ ಬಂದವರು ಕಾಯಂ ಆಗಿದ್ದಾರೆಯೇ ಎಂಬುದನ್ನು ಎಚ್‌ಆರ್ ಅವರಿಗಿಂತ ಪಕ್ಕದ ಮೇಜಿನ ಗುತ್ತಿಗೆ ನೌಕರರನ್ನೇ ಕೇಳಿ. ಯಾರೂ ಕಾಯಂ ಆಗಿಲ್ಲ ಎಂದರೆ ನೀವೂ ಆಗುವುದಿಲ್ಲ ಎಂದೇ ತಿಳಿಯಿರಿ.

ಕ್ಯಾಂಪಸ್ ಪತ್ರದ ಬಗ್ಗೆಯೂ ಒಂದು ಮಾತು. 2022ರಲ್ಲಿ ಪದವಿ ಮುಗಿಸಿದ ಎಷ್ಟೋ ಎಂಜಿನಿಯರುಗಳು ದೊಡ್ಡ ಐಟಿ ಕಂಪನಿಗಳ ಪತ್ರ ಹಿಡಿದು ಸೇರುವ ದಿನಾಂಕಕ್ಕಾಗಿ ಬಹುಕಾಲ ಕಾದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ನಿಮ್ಮ ಪತ್ರದಲ್ಲಿ ಸೇರುವ ದಿನಾಂಕ ಇದೆಯೇ, ಅಥವಾ "ವ್ಯವಹಾರದ ಅಗತ್ಯಕ್ಕೆ ಅನುಗುಣವಾಗಿ ತಿಳಿಸಲಾಗುವುದು" ಎಂದಿದೆಯೇ ನೋಡಿ. ಎರಡನೆಯದಾದರೆ ಕೈಯಲ್ಲಿರುವ ಎರಡು ಭರವಸೆಗಳಲ್ಲಿ ಯಾವುದು ಹೆಚ್ಚು ಗಟ್ಟಿ ಎಂದು ಮತ್ತೆ ತೂಗಬೇಕಾಗುತ್ತದೆ.

ದುರ್ಗದ ಓದುಗಿ

ಎಲ್ಲರಿಗೂ ಧನ್ಯವಾದಗಳು. ಸೋಮವಾರ ಮೇಡಂ ಅವರನ್ನು ಕೇಳಿದೆ. ಸಿಟ್ಟಾಗಲಿಲ್ಲ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರು. ತಂಡದಲ್ಲಿ ಒಬ್ಬರು ನೋಟಿಸ್ ಕೊಟ್ಟಿದ್ದಾರಂತೆ, ಅವರ ಜಾಗವನ್ನು ಹೊಸಬರ ದರ್ಜೆಗೆ ಇಳಿಸಿ ತುಂಬಲು ಅನುಮತಿ ಕೇಳಿದ್ದಾರಂತೆ, ಮೇ ಎರಡನೆಯ ವಾರದೊಳಗೆ ತಿಳಿಯುತ್ತದೆ, ಬರೆದು ಕೊಡಲು ಮಾತ್ರ ಆಗುವುದಿಲ್ಲ ಎಂದರು. ಕ್ಯಾಂಪಸ್ ಪತ್ರದಲ್ಲಿ ಸೇರುವ ದಿನಾಂಕ ಆಗಸ್ಟ್ ಎಂದು ಇದೆ. ಈಗ ಅದಕ್ಕೆ ಒಪ್ಪಿಗೆ ಕೊಟ್ಟು, ಇಲ್ಲಿ ಆಫರ್ ಬಂದರೆ ಆಮೇಲೆ ಬೇಡವೆಂದರೆ ಬಾಂಡ್ ತೊಡಕಾಗುತ್ತದೆಯೇ? ಇನ್ನೊಂದು, ಇಲ್ಲೇ ಕಾಯಂ ಆದರೂ ವರ್ಷಗಟ್ಟಲೆ ಇದೇ ಬಾಕಿಗಳ ಪಟ್ಟಿಯಲ್ಲೇ ಉಳಿದುಬಿಡುತ್ತೇನೆಯೋ ಎಂಬ ಭಯವೂ ಇದೆ.

ಉತ್ತರ: ಕಾಗದಪತ್ರ

ಬಾಂಡ್ ಸಾಮಾನ್ಯವಾಗಿ ಸೇರುವ ದಿನ ಸಹಿ ಮಾಡುವ ಒಪ್ಪಂದ. ಒಪ್ಪಿಗೆಯ ಪತ್ರದಲ್ಲೇ ಅದನ್ನು ಸೇರಿಸಿದ್ದಾರೆಯೇ ಎಂದು ಓದಿ ನೋಡಿ. ಸೇರಿಸಿಲ್ಲದಿದ್ದರೆ ಸೇರುವ ಮೊದಲು ಬೇಡವೆಂದು ತಿಳಿಸುವುದಕ್ಕೆ ಹಣದ ತೊಡಕು ಬರುವ ಸಂಭವ ಕಡಿಮೆ. ತೊಡಕು ಬರುವುದು ಕಾಲೇಜಿನ ಕಡೆಯಿಂದ. ಒಬ್ಬರು ಒಪ್ಪಿ ಕೈಕೊಟ್ಟರೆ ಮುಂದಿನ ವರ್ಷ ಆ ಕಂಪನಿ ನಿಮ್ಮ ಕಾಲೇಜಿಗೆ ಬರುವುದನ್ನೇ ನಿಲ್ಲಿಸಬಹುದು, ಅದರ ಪೆಟ್ಟು ಬೀಳುವುದು ನಿಮ್ಮ ಕಿರಿಯರ ಮೇಲೆ. ಆದ್ದರಿಂದ ಮೊದಲು ಪ್ಲೇಸ್‌ಮೆಂಟ್ ಅಧಿಕಾರಿಯ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಮೇ ಮಧ್ಯದವರೆಗೆ ಅವಧಿ ಕೇಳಿ. ಆಗಸ್ಟ್‌ನಲ್ಲಿ ಸೇರಿಸಿಕೊಳ್ಳುವವರಿಗೆ ಎರಡು ವಾರ ದೊಡ್ಡದಲ್ಲ. ಕೊಡಲಿಲ್ಲವೆಂದರೆ ಒಪ್ಪಿಗೆ ಕೊಡಿ. ಬರಹದಲ್ಲಿಲ್ಲದ ಮಾತನ್ನು ನಂಬಿ ಕೈಯಲ್ಲಿರುವ ಪತ್ರವನ್ನು ಬಿಡುವಂತೆ ನಾನು ಯಾರಿಗೂ ಹೇಳಲಾರೆ. ಹಾಗೆ ಒಪ್ಪಿದ ಮೇಲೆ ಇಲ್ಲಿಯ ಆಫರ್ ಬಂದರೆ ಅದೇ ದಿನ ಇಬ್ಬರಿಗೂ ತಿಳಿಸಿ. ಸೇರುವ ಹಿಂದಿನ ದಿನದವರೆಗೆ ಎಳೆಯಬೇಡಿ.

ಉತ್ತರ: ಲೆಕ್ಕದ ಕೋಣೆ

ಏಜೆನ್ಸಿಯ ಬಗ್ಗೆ ಮೂರನೆಯ ಉತ್ತರದಲ್ಲಿ ಬಂದ ಶುಲ್ಕದ ಷರತ್ತು ಮುಖ್ಯವಾದದ್ದು, ಅದನ್ನು ಕೇಳಿಕೊಳ್ಳಿ. ಆದರೂ ಬ್ಯಾಕ್‌ಫಿಲ್ ಅನುಮತಿಯ ಹಂತಕ್ಕೆ ಬಂದಿರುವಾಗ ಏಜೆನ್ಸಿಗೆ ಈಗಲೇ ಹೂಂ ಎನ್ನಬೇಡಿ. ನೀವು ಕಡಿಮೆ ಖರ್ಚಿನಲ್ಲಿ ಸಿಗುತ್ತೀರಿ ಎಂದು ಗೊತ್ತಾದರೆ ಹುದ್ದೆಗೆ ಒತ್ತಾಯಿಸುವವರು ಇರುವುದಿಲ್ಲ.

ನಿಮ್ಮ ಭಯದ ಬಗ್ಗೆ: ಕಾಯಂ ಆದ ಮೊದಲ ದಿನದಿಂದಲೇ ಕೆಲಸ ಬದಲಾಗುವುದಿಲ್ಲ, ಹೊಣೆ ಬದಲಾಗುತ್ತದೆ. ಇಂಟರ್ನ್ ಆಗಿ ನೀವು ತಯಾರಿಸುತ್ತೀರಿ, ಬೇರೆಯವರು ಪೋಸ್ಟ್ ಮಾಡುತ್ತಾರೆ, ಅಂದರೆ ಲೆಕ್ಕದ ಪುಸ್ತಕಕ್ಕೆ ಏರಿಸುತ್ತಾರೆ. ಕಾಯಂ ಆದ ಮೇಲೆ ಲೆಡ್ಜರ್‌ನಲ್ಲಿ ನಮೂದು ಮಾಡುವ ಹಕ್ಕು ನಿಮಗೆ ಬರುತ್ತದೆ, ತಯಾರಿಸಿದವರ ಜಾಗದಲ್ಲಿ ನಿಮ್ಮ ಹೆಸರು ಇರುತ್ತದೆ. ಮಾತೃಸಂಸ್ಥೆ ಅಮೆರಿಕದ ಷೇರುಪೇಟೆಯಲ್ಲಿದ್ದರೆ 2002ರ ಸರ್ಬೇನ್ಸ್–ಆಕ್ಸ್‌ಲಿ ಕಾಯ್ದೆಯ (ಕಂಪನಿಗಳ ಲೆಕ್ಕಪತ್ರಗಳ ನಂಬಿಕೆಗಾಗಿ ಅಮೆರಿಕ ಮಾಡಿದ ಕಾನೂನು) ಕಾರಣದಿಂದ ಆ ಸಹಿಗೆ ತೂಕವಿದೆ: ಲೆಕ್ಕಪರಿಶೋಧಕರು ಎಂಟು ತಿಂಗಳ ಹಿಂದಿನ ಒಂದು ಬಾಕಿಯನ್ನು ಎತ್ತಿ, ಇದನ್ನು ಸರಿ ಎಂದು ನೀವು ಯಾವ ಆಧಾರದ ಮೇಲೆ ಬರೆದಿರಿ ಎಂದು ಕೇಳಬಹುದು, ಆಗ ಕಡತದಲ್ಲಿ ಉತ್ತರ ಇರಬೇಕು. ಮೊದಲ ವರ್ಷದಲ್ಲಿ ಈ ಶಿಸ್ತು ಮೈಗೂಡಿದರೆ ಸಾಕು.

ಅಲ್ಲಿಂದ ಮುಂದೆ ಹೋಗುವ ದಾರಿ ತಿಂಗಳಾಂತ್ಯದ ಕ್ಲೋಸಿಂಗ್ ವೇಳಾಪಟ್ಟಿಯಲ್ಲೇ ಕಾಣುತ್ತದೆ. ಬಾಕಿಗಳ ಕೆಲಸ ಮೊದಲೆರಡು ದಿನಗಳದ್ದು. ಮೂರನೆಯ ದಿನ ಸಂಚಿತ ವೆಚ್ಚಗಳ (ಆ ತಿಂಗಳಿಗೆ ಸೇರಿದ್ದರೂ ಇನ್ನೂ ಬಿಲ್ ಬಾರದ ಖರ್ಚುಗಳ) ನಮೂದು, ಐದನೆಯ ದಿನದ ಹೊತ್ತಿಗೆ ವರದಿ, ಆಮೇಲೆ ಖರ್ಚು ಬಜೆಟ್‌ಗಿಂತ ಯಾಕೆ ಹೆಚ್ಚಾಯಿತು ಎಂಬ ವಿಶ್ಲೇಷಣೆ. ಸಂಬಳವೂ ಮಾನ್ಯತೆಯೂ ಬೆಳೆಯುವುದು ಆ ಕೊನೆಯ ತುದಿಯಲ್ಲಿ. ನಿಮ್ಮ ಭಾಗ ಬೇಗ ಮುಗಿದ ತಿಂಗಳು ಮುಂದಿನ ಹಂತದವರ ಪಕ್ಕ ಕೂತು ನೋಡಲು ಅನುಮತಿ ಕೇಳಿ. ರಜೆ ಹಾಕಬೇಕಾದಾಗ ತಮ್ಮ ಕೆಲಸ ನೋಡಿಕೊಳ್ಳುವವರು ಯಾರು ಎಂದು ಅವರೂ ಹುಡುಕುತ್ತಿರುತ್ತಾರೆ. ಓದುವ ಮನಸ್ಸಿದ್ದರೆ ಸಿಎಂಎ (ವೆಚ್ಚ ಲೆಕ್ಕಪತ್ರದ ವೃತ್ತಿಪರ ಕೋರ್ಸ್) ಪರೀಕ್ಷೆಗಳಿವೆ, ವರ್ಷಕ್ಕೆ ಜೂನ್ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತವೆ. ಕೆಲವು ಕಂಪನಿಗಳು ಶುಲ್ಕವನ್ನೂ ಮರಳಿ ಕೊಡುತ್ತವೆ, ಆದರೆ ಕಾಯಂ ಆದ ಮೇಲೆ ಮಾತ್ರ. ಒಳಗಿನ ಹುದ್ದೆಗಳಿಗೆ ಅರ್ಜಿ ಹಾಕಲು ಈಗಿನ ಜಾಗದಲ್ಲಿ ಕನಿಷ್ಠ ಒಂದು ವರ್ಷವೋ ಒಂದೂವರೆ ವರ್ಷವೋ ಇರಬೇಕೆಂಬ ನಿಯಮ ಹೆಚ್ಚಿನ ಕಡೆ ಇರುತ್ತದೆ. ಆಫರ್ ಪತ್ರ ಬಂದ ದಿನ ಎಚ್‌ಆರ್ ಅವರನ್ನು ಕೇಳುವ ಪ್ರಶ್ನೆಗಳಲ್ಲಿ ಅದನ್ನೂ ಸೇರಿಸಿಕೊಳ್ಳಿ.